ಅಟ್ಟೆಯಲ್ಲಿ ಬರೆದದ್ದು

ಮಾರ್ಚ್ ೪, ಮಂಗಳವಾರ

ಆಸ್ಪತ್ರೆಯವರು ಒಂದು ನೋಟ್‌ಬುಕ್ಕು ಕೊಟ್ಟಿದ್ದಾರೆ. ಇವಳು ದಿನಕ್ಕೆ ಎಷ್ಟು ಸಲ ಮರೆತಳು, ಎಷ್ಟು ಸಲ ಎಡವಿದಳು ಎಂದು ಗಂಡನಾದ ನಾನು ಅದರಲ್ಲಿ ಬರೆಯಬೇಕಂತೆ. ಬರೆಯುತ್ತೇನೆ. ಇದು ಬೇರೆ ಪುಸ್ತಕ, ನನ್ನದು, ಯಾರಿಗೂ ತೋರಿಸುವುದಲ್ಲ. ಅದರಲ್ಲಿ ಮರ್ಯಾದೆಯಿಂದ ಬರೆದು, ಉಳಿದ ಬೈಗುಳವನ್ನೆಲ್ಲ ಇಲ್ಲಿ ಬರೆಯುವುದೆಂದು ತೀರ್ಮಾನಿಸಿದ್ದೇನೆ.

ನಲವತ್ತೊಂದು ವರ್ಷದಿಂದ ಷೂ ಹೊಲಿಯುತ್ತಿದ್ದೇನೆ. ಅಂಗಡಿಯ ಗೋಡೆಗೆ ನೂರಾ ಹನ್ನೆರಡು ಜೊತೆ ಮರದ ಅಚ್ಚು ತೂಗುಹಾಕಿದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಜೊತೆ, ಅವರವರ ಪಾದದ್ದೇ ಅಳತೆ. ಯಾವುದರ ಮೇಲೂ ಹೆಸರಿಲ್ಲ. ಹೆಸರೆಲ್ಲ ಇವಳ ತಲೆಯಲ್ಲಿದೆ. ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಇವಳು ಕೋಲು ಚಾಚಿ ಸರಿಯಾದ ಅಚ್ಚನ್ನು ಇಳಿಸಿ ನನ್ನ ಮುಂದೆ ಇಡುತ್ತಾಳೆ. ನಾನು ಕತ್ತೆತ್ತಿ ನೋಡುವ ಗೋಜಿಗೂ ಹೋಗುವುದಿಲ್ಲ.

ಹೋದ ತಿಂಗಳು ಅಂಚೆಯವನಿಗೆ ಮೇಷ್ಟ್ರ ಅಚ್ಚು ಇಳಿಸಿಕೊಟ್ಟಳು. ನಾನು ಅದರ ಮೇಲೇ ಹೊಲಿದುಬಿಟ್ಟೆ. ಅಂಚೆಯವನ ಪಾದವೋ ಹಲಗೆಯಷ್ಟು ಅಗಲ. ಪಾಪ, ಕಾಲು ತೂರಿಸಲು ಹೋಗಿ ಬೆವರಿಬಿಟ್ಟ. ನಾನು ಅವನೆದುರಿಗೇ ಇವಳ ಮೇಲೆ ಕೂಗಾಡಿದೆ. ಇವಳು ತಿರುಗಿ ಒಂದು ಮಾತೂ ಆಡದೆ ಗೋಡೆ ನೋಡುತ್ತ ನಿಂತಳು. ನನ್ನ ಬಾಯಿಗೆ ಬಾಯಿ ಕೊಡದೆ ಇವಳು ಬಿಟ್ಟದ್ದು ಅದೇ ಮೊದಲು.

ಮಗಳಿಗೆ ಸುದ್ದಿ ಮುಟ್ಟಿತು. ಅವಳದು ನೀರಿನ ಮೀಟರು ಓದುವ ಕೆಲಸ, ಮನೆಮನೆಗೆ ಹೋಗಿ ಅಂಕಿ ಬರೆದುಕೊಳ್ಳುತ್ತಾಳೆ. ಅಳೆಯದೆ ಅವಳು ಯಾವುದನ್ನೂ ನಂಬುವವಳಲ್ಲ. ಅಮ್ಮನನ್ನು ತೋರಿಸಲೇಬೇಕು ಎಂದು ಪಟ್ಟು ಹಿಡಿದಳು.

ನಮ್ಮ ಮನೆಯಿಂದ ಆಸ್ಪತ್ರೆಗೆ ನಡೆದರೆ ಇಪ್ಪತ್ತು ನಿಮಿಷ. ಇವಳ ಜೊತೆ ಹೋದರೆ ಮೂವತ್ತೈದು. ಇವಳಿಗೊಂದು ಕೆಟ್ಟ ಚಾಳಿಯಿದೆ, ಮಾತಾಡಬೇಕಾದರೆ ನಿಂತುಬಿಡುತ್ತಾಳೆ. ಹೇಳುವುದು ನಾಲ್ಕೇ ಮಾತು, ಅದಕ್ಕೆ ರಸ್ತೆ ನಡುವೆ ಎರಡೂ ಕಾಲು ಊರಿ ನಿಲ್ಲಬೇಕು, ಭಾಷಣಕ್ಕೆ ಬಂದವಳ ಹಾಗೆ. ನಾನು ಕಾಯುವವನಲ್ಲ, ಮುಂದೆ ಹೋಗಿಬಿಡುತ್ತೇನೆ. ಇವತ್ತೂ ಹಿಂದಿನಿಂದ ಏನೋ ಕೂಗಿ ಹೇಳಿದಳು. ಕೇಳಿಸಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನದೇ ಲೇಸು ತುಳಿದು ಮುಗ್ಗರಿಸಿದೆ. ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಇವತ್ತು ಬರೀ ಕಾಗದದ ಪರೀಕ್ಷೆ. ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದರು. ಇವಳಿಗೆ ಮೂರು ನೆನಪಿತ್ತು. ಬಾಗಿಲ ಹೊರಗೆ ಕೂತಿದ್ದ ನನಗೆ ಎರಡು.

ಮಾರ್ಚ್ ೬, ಗುರುವಾರ

ಇವತ್ತು ನಡಿಗೆಯ ಕೋಣೆ. ನೆಲದ ಮೇಲೆ ಬೂದು ಬಣ್ಣದ ಉದ್ದನೆಯ ಚಾಪೆ ಹಾಸಿದ್ದರು, ಐದಾರು ಮಾರು ಉದ್ದವಿದ್ದೀತು. ಅದರ ಹೊಟ್ಟೆಯಲ್ಲಿ ಸಾವಿರಾರು ಸಣ್ಣ ಗುಂಡಿಗಳಿವೆಯಂತೆ, ಪಾದದ ಯಾವ ಭಾಗ ಯಾವಾಗ ಊರಿತು, ಎಷ್ಟು ಭಾರ ಬಿತ್ತು ಎಂದು ಒಂದೊಂದೂ ಹೇಳುತ್ತದಂತೆ. ನಡಿಗೆ ನೋಡುವ ಡಾಕ್ಟರಮ್ಮ ಐವತ್ತರ ಹೆಂಗಸು. ನಾನು ಮೊದಲು ನೋಡಿದ್ದು ಅವರ ಕಾಲನ್ನು. ಎಡ ಹಿಮ್ಮಡಿ ಒಳಗಡೆ ಸವೆದಿದೆ. ಬೇರೆಯವರ ನಡಿಗೆ ಅಳೆಯುವವರಿಗೆ ಸ್ವಂತ ಷೂ ಕಾಣುವುದಿಲ್ಲ, ದೀಪದ ಬುಡ ಕತ್ತಲೆ. ಹೇಳಿಯೇಬಿಟ್ಟೆ. ಅವರು ಷೂ ಬಿಚ್ಚಿ ತಿರುಗಿಸಿ ನೋಡಿ ನಕ್ಕರು. ಪರವಾಗಿಲ್ಲ, ಒಳ್ಳೆಯ ಮನುಷ್ಯರು.

ಈ ಯಂತ್ರವನ್ನು ಬೈಯಬೇಕೆಂದೇ ಹೋಗಿದ್ದೆ. ಬೈಯಲು ಆಗಲಿಲ್ಲ. ಇವಳು ಷೂ ಹಾಕಿಕೊಂಡೇ ಚಾಪೆಯ ಮೇಲೆ ನಡೆದಳು, ಪರದೆಯ ಮೇಲೆ ಅವಳ ಪಾದಗಳು ಒಂದೊಂದಾಗಿ ಅರಳಿದವು. ಹಿಮ್ಮಡಿ ಕೆಂಪು, ನಡುವೆ ಹಳದಿ, ಬೆರಳ ಬುಡದಲ್ಲಿ ಮತ್ತೆ ಕೆಂಪು. ಮೂವತ್ತೇಳು ವರ್ಷ ಜೊತೆಗಿದ್ದ ಹೆಂಡತಿಯ ಹೆಜ್ಜೆಯನ್ನು ನಾನು ಹೀಗೆ ಎಂದೂ ನೋಡಿರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತಿದ್ದೆನಂತೆ, ಇವಳು ಆಮೇಲೆ ಅಣಕಿಸಿದಳು.

ಡಾಕ್ಟರಮ್ಮ ವಿವರಿಸಿದರು. ಕಾಲು ತನ್ನಷ್ಟಕ್ಕೆ ನಡೆಯುತ್ತದೆ ಎಂದು ನಾವು ತಿಳಿದಿರುತ್ತೇವೆ, ಅದು ಸುಳ್ಳು. ಎಲ್ಲಿ ಊರಬೇಕು, ಎಷ್ಟು ಎತ್ತಬೇಕು, ಯಾವಾಗ ಬಿಡಬೇಕು ಎಂದು ಮಿದುಳು ಒಂದೊಂದು ಹೆಜ್ಜೆಗೂ ಲೆಕ್ಕ ಹಾಕುತ್ತಿರುತ್ತದೆ. ಮರೆವಿನ ಕಾಯಿಲೆ ಬರುವುದಿದ್ದರೆ ಕೆಲವರಲ್ಲಿ ಎಷ್ಟೋ ವರ್ಷ ಮುಂಚೆಯೇ ಆ ಲೆಕ್ಕ ಕೊಂಚ ಕೊಂಚ ತಪ್ಪತೊಡಗುತ್ತದೆ. ಬೇಗ ಗೊತ್ತಾದಷ್ಟೂ ಮಾಡುವುದಕ್ಕೆ ಬಹಳ ಇದೆ. “ಮಿದುಳು ದಿನವಿಡೀ ಕಾಲಿಗೆ ಬುದ್ಧಿ ಹೇಳ್ತಾನೇ ಇರುತ್ತೆ ಯಜಮಾನ್ರೇ” ಎಂದರು. ಕಾಲಿಗೆ ಬುದ್ಧಿ ಹೇಳುವುದು ಎಂದರೆ ಓಡಿಹೋಗುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಆಮೇಲೆ ನೂರರಿಂದ ಏಳೇಳು ಕಳೆದು ಜೋರಾಗಿ ಹೇಳುತ್ತ ನಡೆಯಬೇಕು. ಇದೇನು ಮಹಾ ಎಂದೆ. ನೀವೇ ಮೊದಲು ನಡೆಯಿರಿ ಎಂದರು. ತೊಂಬತ್ತಮೂರು, ಎಂಬತ್ತಾರು, ಅಷ್ಟು ಹೇಳುವುದರೊಳಗೆ ನನ್ನ ಎಡಗಾಲು ಗಾಳಿಯಲ್ಲಿ ಅಪ್ಪಣೆಗೆ ಕಾಯುತ್ತಿತ್ತು. ನಡೆ ಮತ್ತು ನುಡಿ ಒಂದೇ ಮಿದುಳಿನಲ್ಲಿ ಜಾಗಕ್ಕೆ ಜಗಳವಾಡುತ್ತವಂತೆ. ನಮ್ಮ ಮದುವೆಗೆ ಮುಂಚೆ ಇವಳನ್ನು ನೋಡಿ ಬಂದ ನನ್ನಮ್ಮ ಹೇಳಿದ್ದು ಒಂದೇ ಮಾತು, ಹುಡುಗಿಯ ನಡೆನುಡಿ ಚೆನ್ನಾಗಿದೆ ಎಂದು. ಅದನ್ನೇ ಇಷ್ಟು ದೊಡ್ಡ ಯಂತ್ರ ಇಟ್ಟು ಅಳೆಯುತ್ತಿದ್ದಾರಲ್ಲ ಎಂದು ಆಶ್ಚರ್ಯವಾಯಿತು.

ಇವಳೂ ಏಳೇಳು ಕಳೆಯುತ್ತ ನಡೆದಳು. ನಿಧಾನವಾದಳು, ನಿಲ್ಲಲಿಲ್ಲ. ವಯಸ್ಸಿಗೆ ತಕ್ಕ ಹಾಗಿದೆ, ಏಪ್ರಿಲ್ ಮೂರಕ್ಕೆ ಮತ್ತೆ ಬನ್ನಿ, ಆಗಲೂ ಹೀಗೇ ಇದ್ದರೆ ಎರಡು ವರ್ಷ ಈ ಕಡೆ ತಲೆ ಹಾಕಬೇಕಾಗಿಲ್ಲ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಮಾರ್ಚ್ ೯, ಭಾನುವಾರ

ಮಗಳು ಬಂದಿದ್ದಳು. ನಿನ್ನಮ್ಮ ಕುದುರೆಯ ಹಾಗೆ ನಡೆದಳು ಎಂದು ಹೇಳಿಕೊಂಡೆ. ಅವಳು ಖುಷಿಪಡಲಿಲ್ಲ.

“ಒಂದು ಸಲ ಮೀಟರ್ ನೋಡಿ ಎಷ್ಟು ನೀರು ಖರ್ಚಾಯ್ತು ಅಂತ ಹೇಳಕ್ಕಾಗುತ್ತಾ ಅಪ್ಪ? ಹಿಂದಿನ ರೀಡಿಂಗ್ ಇರಬೇಕು. ಅಮ್ಮ ಮುಂಚೆ ಹೇಗೆ ನಡೀತಿದ್ರು ಅಂತ ಯಾರ ಹತ್ರ ಇದೆ?”

ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆ. ಅಪ್ಪನ ಬುದ್ಧಿ.

ಮಾರ್ಚ್ ೧೭, ಸೋಮವಾರ

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಇವಳು ಒಳಗೆ ಮಲಗಿದ್ದಳು. ಅವಳ ಷೂವಿನ ಅಟ್ಟೆ ಸವೆದಿತ್ತು, ಬದಲಿಸೋಣ ಎಂದು ಕೂತೆ.

ಹಳೆಯ ಅಟ್ಟೆ ಕಿತ್ತೆ. ಹೊಸ ತೊಗಲು ಕತ್ತರಿಸಿದೆ. ಬಲಗಾಲಿನ ತುದಿಯನ್ನು ಒಂಚೂರು ತೆಳ್ಳಗೆ ಕೆತ್ತಿ ಮೇಲಕ್ಕೆ ಬಾಗಿಸಿದೆ. ಹಿಮ್ಮಡಿಯನ್ನು ಒಂದು ಗೆರೆ ಅಗಲ ಮಾಡಿದೆ. ಹೊರ ಅಂಚಿಗೆ ಒಂದು ಪದರ ಏರಿಸಿದೆ. ಕೈ ತನ್ನಷ್ಟಕ್ಕೆ ಮಾಡುತ್ತಿತ್ತು, ನನ್ನ ಬಾಯಲ್ಲಿ ಹಾಡು ಬೇರೆ. ಅರ್ಧ ಮುಗಿದ ಮೇಲೆ ಕೈ ನಿಂತಿತು. ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ?

ಇವಳ ಅಚ್ಚಿನಲ್ಲಿ ಇದು ಯಾವುದೂ ಇಲ್ಲ. ಅಚ್ಚು ನೆಟ್ಟಗಿದೆ. ಅಚ್ಚು ಬಿಟ್ಟು ನನ್ನ ಕೈ ಯಾವಾಗಿನಿಂದ ಹೀಗೆ ಮಾಡುತ್ತಿದೆ?

ನಾನು ಕಿತ್ತ ಅಟ್ಟೆಯನ್ನು ಎಸೆಯುವುದಿಲ್ಲ. ತೇಪೆಗೆ, ಬೆಣೆಗೆ ಬರುತ್ತದೆ ಎಂದು ಬೆಂಚಿನ ಕೆಳಗಿನ ಪೆಟ್ಟಿಗೆಗೆ ಹಾಕುತ್ತೇನೆ. ಹೊಲಿಯುವ ಮುಂಚೆ ಒಳಮೈಗೆ ತಿಂಗಳು, ವರ್ಷ ಪೆನ್ಸಿಲಿನಲ್ಲಿ ಗೀಚುವುದೂ ಅಭ್ಯಾಸ. ತೊಗಲು ಎಷ್ಟು ಬಾಳಿಕೆ ಬಂತು ಎಂದು ತೊಗಲಿನ ವ್ಯಾಪಾರಿಯ ಮುಖಕ್ಕೆ ಹಿಡಿಯಬೇಕಲ್ಲ. ಪೆಟ್ಟಿಗೆ ಬೋರಲು ಹಾಕಿದೆ. ಇವಳವು ಹದಿಮೂರು ಜೊತೆ ಸಿಕ್ಕವು. ಒಂಬತ್ತು ವರ್ಷದ್ದು. ತಾರೀಖಿನ ಪ್ರಕಾರ ನೆಲದ ಮೇಲೆ ಸಾಲಾಗಿ ಇಟ್ಟೆ.

ಮೊದಲ ನಾಲ್ಕು ಜೊತೆ ಹಿಮ್ಮಡಿಯ ಹೊರ ಅಂಚಿನಲ್ಲಿ ಒಂದೇ ಥರ ಸವೆದಿವೆ, ಒಂದರ ಮೇಲೊಂದು ಇಟ್ಟರೆ ಕೂದಲೆಳೆ ವ್ಯತ್ಯಾಸವಿಲ್ಲ. ಐದನೆಯದರಲ್ಲಿ ಬಲಗಾಲಿನ ತುದಿ ಕೆರೆದಿದೆ. ನೆಲ ತಾಗುತ್ತಿತ್ತು. ಆರನೆಯದರಲ್ಲಿ ತುದಿ ತೆಳ್ಳಗಾಗಿ ಮೇಲಕ್ಕೆ ಬಾಗಿದೆ. ಅದು ನನ್ನ ಕೈಕೆಲಸ. ಎಂಟನೆಯದರಲ್ಲಿ ಹಿಮ್ಮಡಿ ಚಪ್ಪಟೆಯಾಗಿದೆ, ಪಾದವನ್ನು ಇಡಿಯಾಗಿ ಇಡುತ್ತಿದ್ದಾಳೆ. ಒಂಬತ್ತನೆಯದಕ್ಕೆ ಹಿಮ್ಮಡಿ ಅಗಲ ಮಾಡಿದ್ದೇನೆ. ಹತ್ತರಿಂದ ಈಚೆಗೆ ಸವೆತಕ್ಕೆ ಒಂದು ನಿಯಮವೇ ಇಲ್ಲ, ಅಲ್ಲೊಂದು ಕಡೆ, ಇಲ್ಲೊಂದು ಕಡೆ. ಪ್ರತಿ ಸಲವೂ ಹಿಂದಿನ ತಪ್ಪನ್ನು ಮುಂದಿನ ಅಟ್ಟೆಯಲ್ಲಿ ತಿದ್ದಿದ್ದೇನೆ. ಹದಿಮೂರು ಸಲ ಅವಳ ಅಟ್ಟೆ ಹಿಡಿದುಕೊಂಡು ಕೂತಿದ್ದೇನೆ. ಗಿರಾಕಿಯ ಷೂ ಹೀಗೆ ಸವೆದು ಬಂದಿದ್ದರೆ ಏನಾಯಿತು, ಬಿದ್ದಿರಾ, ಮಂಡಿ ನೋವಾ ಎಂದು ಕೇಳದೆ ಬಿಡುತ್ತಿರಲಿಲ್ಲ. ಇವಳನ್ನು ಒಂದು ಸಲವೂ ಕೇಳಿಲ್ಲ.

ಹಿಂದಿನ ರೀಡಿಂಗ್ ಯಾರ ಹತ್ತಿರ ಇದೆ ಎಂದಿದ್ದಳು ಮಗಳು. ನನ್ನ ಬೆಂಚಿನ ಕೆಳಗಿತ್ತು.

ಭಯವಾಯಿತು. ಆದರೆ ಭಯಕ್ಕಿಂತ ಮೊದಲು ಆದದ್ದು ಬೆರಗು, ಸುಳ್ಳೇಕೆ ಹೇಳಲಿ. ಇವಳ ತಲೆಯೊಳಗೆ ನಡೆದದ್ದನ್ನು ಸತ್ತ ದನದ ತೊಗಲು ಒಂಬತ್ತು ವರ್ಷ ಒಂದು ದಿನವೂ ಬಿಡದೆ ಬರೆದಿಟ್ಟಿದೆ. ಡಾಕ್ಟರಿಗೆ ಗೊತ್ತಿಲ್ಲದ್ದು, ಮಗಳಿಗೆ ಗೊತ್ತಿಲ್ಲದ್ದು ಅದಕ್ಕೆ ಗೊತ್ತಿತ್ತು. ನೆಲದ ಮೇಲೆ ಮಂಡಿಯೂರಿ ಕೂತವನು ಎಷ್ಟೋ ಹೊತ್ತು ಏಳಲಿಲ್ಲ.

ಮಾರ್ಚ್ ೧೮, ಮಂಗಳವಾರ

ಬರೆಯಲು ಏನಿಲ್ಲ.

ಮಾರ್ಚ್ ೨೪, ಸೋಮವಾರ

ಇನ್ನೂ ಯಾರಿಗೂ ಹೇಳಿಲ್ಲ. ಅಟ್ಟೆಗಳನ್ನು ಚೀಲಕ್ಕೆ ತುಂಬಿ ಬೆಂಚಿನ ಹಿಂದೆ ತಳ್ಳಿದ್ದೇನೆ.

ಯೋಚನೆ ಇಷ್ಟೆ. ಅವತ್ತು ಚಾಪೆಯ ಮೇಲೆ ಇವಳು ನಡೆದದ್ದು ನಾನು ತಿದ್ದಿದ ಷೂ ಹಾಕಿಕೊಂಡು. ಅಂದರೆ ಅವರು ಅಳೆದದ್ದು ಇವಳ ನಡಿಗೆಯನ್ನಲ್ಲ, ನನ್ನ ಕೆಲಸವನ್ನು. ಏಪ್ರಿಲ್ ಮೂರಕ್ಕೂ ಅದೇ ಷೂ ಹಾಕಿಸಿ ಕರೆದುಕೊಂಡು ಹೋದರೆ ಎರಡು ವರ್ಷ ಯಾರ ಕಾಟವೂ ಇಲ್ಲ. ಇವಳು ಅಂಗಡಿಯಲ್ಲಿ ಕೋಲು ಹಿಡಿದು ಆರಾಮಾಗಿರುತ್ತಾಳೆ. ಕಾಯಿಲೆ ಎಂಬ ಮಾತು ಮನೆಗೆ ಬರುವುದಿಲ್ಲ. ಆದರೆ ಬೇಗ ಗೊತ್ತಾದಷ್ಟೂ ಮಾಡುವುದಕ್ಕೆ ಬಹಳ ಇದೆ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ. ಆ ಎರಡು ವರ್ಷ ನನ್ನದಲ್ಲ, ಇವಳದು. ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು.

ಇವತ್ತು ಮೂರು ಜನರ ಮೇಲೆ ರೇಗಿದೆ. ಒಬ್ಬರದೂ ತಪ್ಪಿರಲಿಲ್ಲ.

ಮಾರ್ಚ್ ೨೭, ಗುರುವಾರ

ತೊಗಲು ತರಲು ಹೋಗಿದ್ದೆ. ವಾಪಸ್ ಬಂದಾಗ ಇವಳು ಅಂಗಡಿಯ ನೆಲದ ಮೇಲೆ ಕೂತಿದ್ದಳು. ಗುಡಿಸಲು ಹೋದವಳಿಗೆ ಚೀಲ ಸಿಕ್ಕಿದೆ. ಹದಿಮೂರು ಜೊತೆಯನ್ನೂ ಸಾಲಾಗಿ ಇಟ್ಟುಕೊಂಡಿದ್ದಳು. ಕನ್ನಡಕ ಒಳಗಿತ್ತು, ಪೆನ್ಸಿಲಿನ ತಾರೀಖು ಅವಳಿಗೆ ಕಾಣುವಂತಿರಲಿಲ್ಲ. ಆದರೂ ಒಂದೂ ಅದಲುಬದಲಾಗಿರಲಿಲ್ಲ.

ಇವಳು ಒಂದೊಂದನ್ನೇ ಎತ್ತಿ ತೋರಿಸಿದಳು. ಇದು ಮಗಳ ಹೊಸ ಮನೆಯ ಮೆಟ್ಟಿಲು ಹತ್ತಿ ಇಳಿದದ್ದು. ಇದು ಬಸ್ ಸ್ಟ್ಯಾಂಡಿನಲ್ಲಿ ಎಡವಿ ಮಂಡಿ ತರಚಿದ್ದು. ಇದು ಕೌಂಟರಿನ ಅಂಚು ಹಿಡಿದುಕೊಂಡು ಓಡಾಡಲು ಶುರುಮಾಡಿದ ವರ್ಷದ್ದು. ಅಂಚೆಯವನ ಅಚ್ಚು ಮರೆತ ಹೆಂಗಸು ಒಂಬತ್ತು ವರ್ಷವನ್ನು ಅಟ್ಟೆಯಲ್ಲಿ ಓದುತ್ತಿದ್ದಳು. ಮೈಯೆಲ್ಲ ಕಿವಿಯಾಗಿ ಕೇಳಿದೆ.

“ನಂಗೆ ಆವಾಗಿಂದ್ಲೇ ಗೊತ್ತಿತ್ತು ರೀ” ಎಂದಳು. “ಕಾಲು ಹೇಳಿದ ಮಾತು ಕೇಳ್ತಿರ್ಲಿಲ್ಲ. ಆದ್ರೆ ನೀವು ಪ್ರತಿ ಸಲ ಮುಂದುಗಡೆ ಒಂಚೂರು ಎತ್ತಿ ಕೊಡ್ತಿದ್ರಿ. ಇವ್ರಿಗೂ ಗೊತ್ತಾಗಿದೆ, ಬಾಯಿ ಬಿಟ್ಟು ಹೇಳಕ್ಕಾಗದೆ ಹೀಗೆ ಮಾಡ್ತಿದ್ದಾರೆ ಅಂದ್ಕೊಂಡು ನಾನೂ ಸುಮ್ನಿದ್ದೆ.”

ಹೌದು ಎಂದುಬಿಡಬಹುದಿತ್ತು. ಅಷ್ಟು ಒಳ್ಳೆಯ ಗಂಡನೆಂದು ಅವಳು ತಿಳಿದಿದ್ದಳಲ್ಲ, ಹಾಗೇ ಇರಲಿ ಎಂದು ಬಿಡಬಹುದಿತ್ತು. ನಾಲಗೆ ತುದಿಯವರೆಗೂ ಬಂದಿತ್ತು.

“ನಂಗೆ ಗೊತ್ತಿರ್ಲಿಲ್ಲ ಕಣೇ” ಎಂದೆ. “ನಾನು ನೋಡ್ಲೇ ಇಲ್ಲ.”

ಅವಳು ನನ್ನ ಬಲಗೈಯನ್ನು ಹಿಡಿದು, ಹೆಬ್ಬೆರಳಿನ ದಡ್ಡುಗಟ್ಟಿದ ಜಾಗವನ್ನು ಉಗುರಿನಿಂದ ಕೆರೆದಳು.

“ನಿಮ್ಮ ಕೈಗೆ ಗೊತ್ತಿತ್ತು. ತಲೆಗೆ ಹೇಳಕ್ಕೆ ಮರ್ತಿದೆ ಅಷ್ಟೆ. ಮರೆವು ನನಗೊಬ್ಬಳಿಗೇನಾ?”

ನನಗೆ ಅಳು ಬಂತು. ಅತ್ತೆ. ಬೀದಿಯ ಬಾಗಿಲು ತೆರೆದೇ ಇತ್ತು, ಇರಲಿ.

ಅಟ್ಟೆಗಳನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗೋಣ ಎಂದವಳು ಅವಳೇ. ಎಷ್ಟು ದಿನ ತಲೆ ನೆಟ್ಟಗಿರುತ್ತದೋ ಗೊತ್ತಾಗಬೇಕು, ನೂರಾ ಹನ್ನೆರಡು ಅಚ್ಚಿಗೂ ಹೆಸರು ಬರೆಸಬೇಕು, ಇಲ್ಲದಿದ್ದರೆ ಊರಿನವರ ಕಾಲೆಲ್ಲ ನಿಮ್ಮ ಕೈಯಲ್ಲಿ ಹಾಳಾಗುತ್ತದೆ ಎಂದಳು. ಸಂಜೆಯೇ ಶುರುಮಾಡಿದೆವು. ಅವಳು ಕೋಲಿನಿಂದ ಇಳಿಸಿ ಹೆಸರು ಹೇಳುವುದು, ನಾನು ಬರೆಯುವುದು. ಹತ್ತೊಂಬತ್ತು ಆಯಿತು. ಒಂದರ ಹತ್ತಿರ ತಡೆದಳು, ಅದನ್ನು ಬದಿಗಿಟ್ಟೆವು.

ಏಪ್ರಿಲ್ ೩, ಗುರುವಾರ

ಡಾಕ್ಟರಮ್ಮನ ಮೇಜಿನ ಮೇಲೆ ಚೀಲ ಸುರಿದೆ. ತೊಗಲಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. ಯಾವುದು ಸವೆತ, ಯಾವುದು ನನ್ನ ತಿದ್ದುಪಡಿ ಎಂದು ತೋರಿಸಿಕೊಟ್ಟೆ. ಅವರು ಬರೆದುಕೊಂಡರು, ಶಾಲೆಯಲ್ಲಿ ಬರೆದುಕೊಳ್ಳುವ ಹಾಗೆ.

“ಈ ಚಾಪೆ ಬಂದು ಎರಡು ವರ್ಷ ಆಯ್ತು” ಎಂದರು. “ನಿಮ್ಮ ಹತ್ರ ಒಂಬತ್ತು ವರ್ಷದ್ದಿದೆ.”

ಇವಳಿಗೆ ಆಸ್ಪತ್ರೆಯ ಬಿಳಿ ಕ್ಯಾನ್ವಾಸ್ ಷೂ ಹಾಕಿಸಿದರು. ಕಾಲಿಗೆ ನನ್ನ ಆಸರೆಯಿಲ್ಲದೆ ಇವಳು ನಡೆಯುವುದನ್ನು ನೋಡುವ ಧೈರ್ಯ ಇರಲಿಲ್ಲ, ಆದರೂ ನೋಡಿದೆ. ಪರದೆಯ ಮೇಲೆ ಪಾದಗಳು ಬಂದವು. ಒಂದು ಉದ್ದ, ಒಂದು ಗಿಡ್ಡ, ಒಂದು ಒಳಗೆ, ಒಂದು ಹೊರಗೆ. ಹತ್ತನೆಯ ಜೊತೆಯ ಸವೆತ ಅಲ್ಲಿ ಬಣ್ಣ ಬಳಿದುಕೊಂಡು ನಿಂತಿತ್ತು. ಏಳೇಳು ಕಳೆಯಲು ಹೇಳಿದರು. ತೊಂಬತ್ತಮೂರು ಎಂದಳು, ನಿಂತಳು. ಎರಡು ಹೆಜ್ಜೆ ನಡೆದಳು. ನಿಂತಳು. ಎಂಬತ್ತಾರು ಎಂದಳು. ಉತ್ತರ ಒಂದೂ ತಪ್ಪಲಿಲ್ಲ, ಆದರೆ ಒಂದೊಂದು ಉತ್ತರಕ್ಕೂ ಕಾಲು ನಿಲ್ಲಿಸಿ ಜಾಗ ಮಾಡಿಕೊಡುತ್ತಿದ್ದಳು. ನೂರಾ ಹನ್ನೆರಡು ಅಚ್ಚು, ಅಂಗಡಿ, ನಾನು, ಇಷ್ಟನ್ನೂ ಈ ತಲೆ ಇಷ್ಟು ವರ್ಷ ಹೀಗೆ ಸಂಭಾಳಿಸಿಕೊಂಡು ಬಂದಿತ್ತೇ ಎಂದು ನನಗೆ ಮೈ ಜುಂ ಎಂದಿತು.

ಇದು ಕಾಯಿಲೆ ಎಂದಲ್ಲ, ಕಾಯಿಲೆಗೆ ಮುಂಚಿನ ದಾರಿ ಇರಬಹುದು, ಆ ದಾರಿಗೆ ಬಂದವರೆಲ್ಲ ಕೊನೆಯವರೆಗೂ ಹೋಗುವುದಿಲ್ಲ ಎಂದು ಡಾಕ್ಟರಮ್ಮ ಇವಳಿಗೇ ಹೇಳಿದರು, ನನಗಲ್ಲ. ಸ್ಕ್ಯಾನ್ ಆಗಬೇಕು. ರಕ್ತದೊತ್ತಡ, ಕಿವಿ, ಕಣ್ಣು ನೋಡಬೇಕು. ವಾರಕ್ಕೆ ಮೂರು ದಿನ ವ್ಯಾಯಾಮ, ಮೂರು ತಿಂಗಳಿಗೊಮ್ಮೆ ಈ ಚಾಪೆ. ನಾನು ತಿದ್ದಿದ ಷೂ ಬಿಡುವುದೋ ಎಂದು ಕೇಳಿದೆ. ಬೇಡ, ಬೀಳದೆ ಇರುವುದಕ್ಕೆ ಅದನ್ನೇ ಹಾಕಲಿ, ಅಳೆಯುವಾಗ ಮಾತ್ರ ಬಿಚ್ಚಲಿ ಎಂದರು. ನನ್ನ ಜನ್ಮದಲ್ಲಿ ನನ್ನ ಕೆಲಸಕ್ಕೆ ಇಷ್ಟು ದೊಡ್ಡ ಮಾತು ಯಾರೂ ಹೇಳಿಲ್ಲ.

ಕೊನೆಗೆ ಬರೆದುಕೊಳ್ಳುತ್ತಲೇ ಇನ್ನೊಂದು ಕೇಳಿದರು. “ನಡೀತಾ ಇರುವಾಗ ಮಾತಾಡಬೇಕು ಅಂದ್ರೆ ನಿಂತ್ಕೋತಾರಾ? ಎಷ್ಟು ವರ್ಷದಿಂದ?”

ನಿಲ್ಲುತ್ತಾಳೆ ಎಂದೆ. ಎಷ್ಟು ವರ್ಷದಿಂದ ಎನ್ನುವುದು ಹೇಳಲು ಬರಲಿಲ್ಲ. ಅಟ್ಟೆಗಾದರೆ ತಾರೀಖಿದೆ. ಇದಕ್ಕಿಲ್ಲ. ಅವಳು ನಿಂತಾಗೆಲ್ಲ ನಾನು ಮುಂದೆ ಹೋಗಿಬಿಟ್ಟಿರುತ್ತಿದ್ದೆ.

ಏಪ್ರಿಲ್ ೧೦, ಗುರುವಾರ

ಅಂಚೆಯವನು ಬಂದಿದ್ದ. ಇವಳು ಕೋಲು ಎತ್ತಿ ಅವನ ಅಚ್ಚನ್ನೇ ಇಳಿಸಿದಳು, ಹೆಸರು ಓದದೆ. ಆಮೇಲೆ ಹೆಸರು ಓದಿ ಸರಿಯಿದೆಯಾ ಎಂದು ನೋಡಿಕೊಂಡಳು. ನಾನೂ ಕತ್ತೆತ್ತಿ ನೋಡಿದೆ. ನೂರಾ ಒಂಬತ್ತಕ್ಕೆ ಹೆಸರು ಬಿದ್ದಿದೆ. ಮೂರು ಉಳಿದಿವೆ. ಯಾರದೋ, ಅವರು ಬಂದಾಗ ಗೊತ್ತಾಗುತ್ತದೆ.

ವ್ಯಾಯಾಮಕ್ಕೆ ಹೊರಟೆವು. ಹೊಸ ಷೂ ಹಾಕಿದ್ದಳು. ಈ ಸಲ ಕೆತ್ತುವಾಗ ಯಾವುದನ್ನು ಯಾಕೆ ಎಂದು ಅವಳನ್ನು ಕೇಳಿ ಕೇಳಿ ಕೆತ್ತಿದ್ದೆ. ಇಷ್ಟು ಪ್ರಶ್ನೆ ಯಾವ ಗಿರಾಕಿಗೂ ಕೇಳುವುದಿಲ್ಲ ನೀವು ಎಂದು ರೇಗಿದಳು.

ಮೂಲೆಯ ಕಟ್ಟಿಗೆ ಅಂಗಡಿಯ ಮುಂದೆ ನಿಂತು, ಅಂಗಡಿಯವನ ಮಗಳು ಹೆತ್ತಳಂತೆ ಎಂದಳು. ಸೇತುವೆಯ ಮೇಲೆ ನಿಂತು, ನೀರು ಇಳಿದಿದೆ ಎಂದಳು. ಶಾಲೆಯ ಗೋಡೆಯ ಹತ್ತಿರ ನಿಂತು, ಏನೋ ಹೇಳಬೇಕೆಂದಿದ್ದೆ ಎಂದಳು. ಏನೆಂದು ಬರಲಿಲ್ಲ. ಪರವಾಗಿಲ್ಲ ಎಂದೆ. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ. ಅವನಿಗೆ ಸುತ್ತಿಕೊಂಡು ಹೋಗಲು ಹೇಳಿದೆ.

ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ ನನಗೆ ನೆನಪಾಯಿತು. ಮೊದಲ ದಿನ ಇಲ್ಲಿಗೆ ಬರುವಾಗ ಹಿಂದಿನಿಂದ ಏನೋ ಕೂಗಿದೆಯಲ್ಲ, ಏನದು ಎಂದು ಕೇಳಿದೆ. ತಿಂಗಳ ಮೇಲಾಯಿತು, ಅವಳಿಗೆ ಎಲ್ಲಿ ನೆನಪಿರಬೇಕು ಎಂದುಕೊಂಡೇ ಕೇಳಿದ್ದು. ಅವಳು ಎರಡೂ ಕಾಲು ಊರಿ ನಿಂತಳು.

“ಲೇಸ್ ಬಿಚ್ಚಿದೆ, ಕಟ್ಕೊಳ್ಳಿ, ಬೀಳ್ತೀರಾ ಅಂದೆ.”

ಮನೆಯಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಇವತ್ತು ಒಂದು ಗಂಟೆ ಐದು ನಿಮಿಷ ಹಿಡಿಯಿತು. ಹದಿನಾಲ್ಕು ಸಲ ನಿಂತೆವು.